ಕೊನೆಯ ಬಟ್ಟಲು

ಮನೆಗೆ ಬಂದ ಸೊಸೆಯನ್ನು ಊರು ಮೊದಲು ಅಳೆಯುವುದು ಅವಳ ಕೈಯ ಅಡುಗೆಯಿಂದ. ಸಮೋವಾದ ಸವಾಯಿ ದ್ವೀಪದ ಆ ಕಡಲಂಚಿನ ಊರು ಸುಲುವನ್ನು ಅಳೆದದ್ದು ಮಾತ್ರ, ಅವಳು ಬಂದು ವರ್ಷಗಳಾದ ಮೇಲೆ, ಒಂದು ಜಾಡಿಯ ವಾಸನೆಯಿಂದ.

ಜಾಡಿ ಗಾಜಿನದು. ಅಡುಗೆ ಚಪ್ಪರದ ಪಕ್ಕದ ಕಲ್ಲುಗೋಡೆಯ ಮೇಲೆ, ಹಗಲೆಲ್ಲ ಬಿಸಿಲು ಬೀಳುವ ಎಡೆಯಲ್ಲಿ, ಅವಳೇ ಅದನ್ನು ಇಟ್ಟಿದ್ದಳು. ಒಳಗೆ ಕಳಿತ ನೋನಿ ಹಣ್ಣುಗಳು ತಮ್ಮಷ್ಟಕ್ಕೆ ತಾವು ಕರಗಿ ಕರಿಗಂದು ರಸ ಬಿಡುತ್ತಿದ್ದವು. ಮುಚ್ಚಳ ಸಡಿಲಿಸಿದರೆ ಸಾಕು, ಹಳಸಿದ ಹಾಲು, ಸತ್ತ ಏಡಿ ಎರಡೂ ಕೂಡಿದಂಥ ನಾತ ಗೋಡೆಯಿಲ್ಲದ ಆ ಮನೆಯ ಕಂಬ ಕಂಬಗಳ ನಡುವೆ ಹಾದು ಚಾಪೆಯ ಮೇಲೆ ಬಂದು ಕೂರುತ್ತಿತ್ತು.

"ಏ ಸುಲು, ಹಂದಿಗಳು ಕೂಡ ಆ ಗೋಡೆ ಹತ್ರ ಬರೋದು ಬಿಟ್ವಲ್ಲೇ!" ಎಂದಳು ಅತ್ತೆ ಫೆತುವಾವೋ. "ನಿನ್ನ ತವರಲ್ಲಿ ಇದನ್ನ ಮನುಷ್ಯರು ಕುಡೀತಾರಾ?"

"ನಮ್ಮಮ್ಮ ದಿನಾ ಕುಡೀತಾಳೆ ಅತ್ತೆ. ಸಕ್ಕರೆ ಕಾಯಿಲೆ ಬಂದು ಎಷ್ಟು ವರ್ಷ ಆಯ್ತು, ಇವತ್ತಿಗೂ ಕೆಸುವಿನ ಹೊಲಕ್ಕೆ ತಾನೇ ನಡ್ಕೊಂಡು ಹೋಗ್ತಾಳೆ."

"ನಡ್ಕೊಂಡು ಹೋಗ್ದೆ ಏನ್ಮಾಡ್ತಾಳೆ? ಆ ವಾಸನೆಗೆ ಬಸ್ಸಿನವನು ಹತ್ತಿಸ್ಕೋಬೇಕಲ್ಲ!"

ಗಂಡ ಪೆನಿತೋವಾ ತೆಂಗಿನಕಾಯಿ ತುರಿಯುತ್ತ ತಲೆ ಎತ್ತದೆ ನಕ್ಕ. "ಇದನ್ನ ಕುಡಿದ್ರೆ ಕಾಯಿಲೆ ಓಡಿಹೋಗುತ್ತೆ, ನಿಜ. ಜೊತೆಗೆ ನೆಂಟರೂ ಓಡಿಹೋಗ್ತಾರೆ."

ಸುಲು ನಗಲಿಲ್ಲ. ಆ ಜಾಡಿ ಅಲ್ಲಿಗೆ ಬಂದದ್ದು ಮಾವನ ಕಾಲಿಗಾಗಿ.

ಮಾವ ಅಸೊವಾಲು ಮನೆತನದ ಪಟ್ಟ ಹೊತ್ತ ಯಜಮಾನ. ಅಸೊವಾಲು ಎಂಬುದು ಪಟ್ಟದ ಹೆಸರೇ; ಹುಟ್ಟಿದಾಗ ಇಟ್ಟ ಹೆಸರನ್ನು ಹೆಂಡತಿಯೂ ಮರೆತಂತಿದ್ದಳು. ಊರ ಸಭೆಯಲ್ಲಿ ಅವರಿಗೊಂದು ಕಂಬವುಂಟು. ಆ ಕಂಬಕ್ಕೆ ಬೇರೊಬ್ಬರ ಬೆನ್ನು ತಾಗುವಂತಿಲ್ಲ. ಹಿಂದಿನ ತಿಂಗಳು ಕಡಲಿನಲ್ಲಿ ಹವಳದ ಬಂಡೆ ತರಚಿ ಎಡಗಾಲ ಕಿರುಬೆರಳಿನಲ್ಲಿ ಹುಣ್ಣಾಗಿತ್ತು. ಆಸ್ಪತ್ರೆಯ ನರ್ಸಮ್ಮ ವೈಮೋವಾ ರಕ್ತ ಪರೀಕ್ಷಿಸಿ, ಸಂಜೆಯ ಊಟದ ಜೊತೆ ನುಂಗಲು ಬಿಳಿಯ ಮಾತ್ರೆ ಕೊಟ್ಟು, ಕುರಿಯ ಪಕ್ಕೆಯ ಕೊಬ್ಬನ್ನೂ ಸಕ್ಕರೆ ಸುರಿದ ಕೋಕೋವನ್ನೂ ಬಿಡಬೇಕೆಂದು ಹೇಳಿ ಕಳಿಸಿದ್ದಳು. ಮಾತ್ರೆ ಮನೆಗೆ ಬಂತು. ಕೊಬ್ಬೂ ಕೋಕೋವೂ ಮನೆ ಬಿಟ್ಟು ಹೋಗಲಿಲ್ಲ.

ಆ ಮನೆಯಲ್ಲಿ ಸುಲುವಿಗೆ ಮಾವನ ಮೇಲೆ ಇದ್ದ ಅಕ್ಕರೆಗೆ ಒಂದು ಮೀನಿನ ತುಂಡು ಕಾರಣ. ಹಿರಿಯರು ಉಂಡ ಮೇಲೆಯೇ ಕಿರಿಯರ ಊಟ. ಅಲ್ಲಿಯವರೆಗೆ ಸೊಸೆಯಾದವಳು ಬೀಸಣಿಗೆಯಿಂದ ನೊಣ ಅಟ್ಟುತ್ತ ಕೂರಬೇಕು. ಉಳಿದದ್ದೇ ಅವಳ ಪಾಲು. ಅವಳು ಹೊಸದಾಗಿ ಬಂದ ದಿನಗಳಲ್ಲಿ, ಮುಖ ಎತ್ತಲೂ ಅಂಜುತ್ತಿದ್ದ ಕಾಲದಲ್ಲಿ, ಅಸೊವಾಲು ಮೀನಿನ ಹೊಟ್ಟೆಯ ಮೆದುವಾದ ಭಾಗವನ್ನು ಮುಟ್ಟದೆ ತಟ್ಟೆಯನ್ನು ಸರಿಸಿ, "ಹೊಟ್ಟೆ ತುಂಬಿತು" ಎನ್ನುತ್ತಿದ್ದರು. ಮೀನು ಬೇಯಿಸಿದ ದಿನಗಳಲ್ಲೆಲ್ಲ ಅವರ ಹೊಟ್ಟೆ ಅಷ್ಟಕ್ಕೇ ತುಂಬುತ್ತಿತ್ತು. ಆ ಋಣವನ್ನು ಬಾಯಿಮಾತಿನಲ್ಲಿ ತೀರಿಸುವ ಪದ್ಧತಿ ಅಲ್ಲಿಲ್ಲ.

ರಸ ಹದವಾದ ದಿನ ಸುಲು ಅದನ್ನು ಬಟ್ಟೆಯಲ್ಲಿ ಸೋಸಿ, ಪ್ಲಾಸ್ಟಿಕ್ ಲೋಟದಲ್ಲಿ ಹಾಕಿ, ಊಟದ ತಟ್ಟೆಯ ಪಕ್ಕ ಇಟ್ಟಳು. ಅಸೊವಾಲು ಒಂದು ಗುಟುಕು ಬಾಯಿಗೆ ಹಾಕಿಕೊಂಡವರು ಮನೆಯಂಚಿಗೆ ಬಾಗಿ ಉಗಿದುಬಿಟ್ಟರು.

"ಏನಮ್ಮಾ ಇದು? ನಾನಿನ್ನೂ ಸತ್ತಿಲ್ಲ. ಸತ್ತಮೇಲೆ ಹೊಡೆಯೋ ವಾಸನೆ ಈಗಲೇ ಯಾಕೆ ಕುಡಿಸ್ತೀಯಾ?"

"ಕಾಲಿಗೆ ಒಳ್ಳೇದು ಮಾವ."

"ಹಾಗಾದ್ರೆ ಕಾಲಿಗೇ ಕುಡಿಸು."

ಸುಲುವಿನ ಏಳು ವರ್ಷದ ಮಗಳು ಪುವಾ ಬಿದ್ದು ಬಿದ್ದು ನಕ್ಕಳು. ಮರುದಿನ ಸುಲು ಕೋಕೋದಲ್ಲಿ ಬೆರೆಸಿದಳು. ಕೋಕೋ ಕೆಟ್ಟಿತು, ನೋನಿ ಕೆಡಲಿಲ್ಲ. ಎಳನೀರಿನಲ್ಲಿ ಬೆರೆಸಿದಳು, ಅದನ್ನು ಹಂದಿಗೆ ಚೆಲ್ಲಲು ಹೇಳಿದರು. ಫೆತುವಾವೋ ಅಂದು ನಗಲಿಲ್ಲ, ಗದರಲೂ ಇಲ್ಲ. ಬೀಸಣಿಗೆಯನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು.

"ನೋಡು ಸುಲು. ನಿನ್ನ ತವರಿನ ಮದ್ದು ನಿನ್ನ ಜವಾಬ್ದಾರಿ. ಇವರ ಕಾಲಿಗೆ ಏನಾದ್ರೂ ಆಯ್ತೋ, ನಿನ್ನ ಚಾಪೆ ಸುತ್ಕೊಂಡು ತವರಿಗೆ ನಡಿ. ಪುವಾ ಈ ಮನೆ ಕೂಸು, ಇಲ್ಲೇ ಇರ್ತಾಳೆ."

ಪೆನಿತೋವಾ ಆ ಎಳನೀರನ್ನು ಹಂದಿಗೆ ಚೆಲ್ಲಲು ಎದ್ದು ಹೋದ. ತಾಯಿಯ ಮಾತಿಗೆ ಎದುರಾಡುವ ಮಗನಲ್ಲ ಅವನು.

ದಾರಿ ತೋರಿಸಿದವಳು ಪುವಾ. ಒಂದು ಸಂಜೆ ಅವಳು ತೆಂಗಿನ ಕರಟದಲ್ಲಿ ಕೆಸರುನೀರು ತುಂಬಿಕೊಂಡು ಊರ ಸಭೆಯ ಆಟ ಹೂಡಿದ್ದಳು. ಸಭೆ ಸೇರಿದಾಗ ಅವಾ ಬೇರನ್ನು ಮರಿಗೆಯ ನೀರಿನಲ್ಲಿ ಹಿಂಡಿ, ಒಬ್ಬೊಬ್ಬ ಹಿರಿಯನ ಬಟ್ಟಲ ಹೆಸರನ್ನು ಕೂಗಿ, ಸರದಿಯಂತೆ ಕುಡಿಯಲು ಕೊಡುವುದು ವಾಡಿಕೆ. ಅದೂ ಕಹಿಯೇ, ನಾಲಗೆ ಜೋಮು ಹಿಡಿಯುವಷ್ಟು. ಆದರೆ ಆ ಕಹಿಗೆ ಮುಖ ಕಿವುಚಿದ ಯಜಮಾನನನ್ನು ಆ ಊರು ಕಂಡಿಲ್ಲ.

"ಬಟ್ಟಲು ಬಂತು!" ಎಂದು ಪುವಾ ಕಿರುಚಿದಳು. "ಕಡಲು ತಂದ ಮೊದಲ ಬೆಳಕು!"

ಅದು ಅಸೊವಾಲು ಪಟ್ಟದ ಬಟ್ಟಲ ಹೆಸರು. ಕಂಬಕ್ಕೊರಗಿ ತೂಕಡಿಸುತ್ತಿದ್ದ ಮುದುಕರ ಬೆನ್ನು ತಾನಾಗಿ ನೆಟ್ಟಗಾಯಿತು, ಕಾಲು ಮಡಚಿತು, ಎರಡು ಕೈಯೂ ಮುಂದೆ ಚಾಚಿದವು. ಕೆಸರುನೀರಿನ ಕರಟವನ್ನು ಹಿಡಿದ ಮೇಲೆ ಅವರಿಗೆ ಎಚ್ಚರವಾಗಿ, "ಕಳ್ಳಿ!" ಎಂದು ಮೊಮ್ಮಗಳ ಕಿವಿ ಹಿಂಡಿದರು.

ಕೆಸುವಿನ ಗಡ್ಡೆ ಹೆರೆಯುತ್ತಿದ್ದ ಸುಲುವಿನ ಕೈ ಅಲ್ಲೇ ನಿಂತಿತು.

"ಬೇಡ ಕಣೆ," ಎಂದ ಪೆನಿತೋವಾ, ಅವಳು ಹೇಳಿದ್ದನ್ನು ಕೇಳಿ. "ಆ ಹೆಸರು ಕೂಗೋದು ಹುಡುಗಾಟ ಅಲ್ಲ. ಸಭೇಲಿ ಗೊತ್ತಾದ್ರೆ ನಮಗೆ ದಂಡ ಹಾಕ್ತಾರೆ."

"ಹುಡುಗಾಟ ಅಂತ ಯಾರಂದ್ರು? ನಿಮ್ಮಪ್ಪನ ಕಾಲು ಉಳೀಬೇಕೋ ಬೇಡ್ವೋ?"

ಮರುದಿನ ಸಂಜೆಯ ಪ್ರಾರ್ಥನೆ ಮುಗಿಯಿತು. ಸುಲು ಒರೆಸಿ ಹೊಳಪೇರಿಸಿದ ಕರಟದ ಬಟ್ಟಲಿನಲ್ಲಿ ನೋನಿ ರಸವನ್ನು ಎರೆದು, ತಲೆ ತಗ್ಗಿಸಿ ಮಂಡಿಯೂರಿ ಕುಳಿತಳು. ಪೆನಿತೋವಾ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಕೂಗುವ ಅದೇ ದೀರ್ಘಸ್ವರದಲ್ಲಿ ತಂದೆಯ ಬಟ್ಟಲ ಹೆಸರನ್ನು ಕೂಗಿದ. ಅಸೊವಾಲು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಬಟ್ಟಲನ್ನು ತೆಗೆದುಕೊಂಡು, ವಾಡಿಕೆಯಂತೆ ಒಂದೆರಡು ಹನಿಯನ್ನು ಚಾಪೆಯಾಚೆ ದೇವರಿಗೆಂದು ಚೆಲ್ಲಿ, "ಒಳಿತಾಗಲಿ" ಎಂದು ಒಂದೇ ಉಸಿರಿಗೆ ಕುಡಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಛೀ!" ಎಂದು ಎದ್ದಳು ಫೆತುವಾವೋ. "ನಮ್ಮಪ್ಪನ ಮನೇಲಿ ಮರಿಗೆ ಮುಂದೆ ಕೂತು ಅವಾ ಕಲಸಿದ ಕೈ ಇದು. ಆ ಬಟ್ಟಲಿಗೆ ಕೊಳೆತ ಹಣ್ಣು ಹಾಕೋದನ್ನ ಈ ಕಣ್ಣಲ್ಲಿ ನೋಡ್ಬೇಕಾಯ್ತಲ್ಲ!"

"ಕೂತ್ಕೋ," ಎಂದರು ಅಸೊವಾಲು. "ಕಹಿಗೆ ಮರ್ಯಾದೆ ಕೊಟ್ರೆ ಗಂಟಲಲ್ಲಿ ಇಳಿಯುತ್ತೆ. ಅವಳಿಗೆ ಅಷ್ಟು ಗೊತ್ತಾಗಿದೆ."

ಹೀಗೆ ಅದು ಮನೆಯ ನೇಮವಾಯಿತು. ಪ್ರಾರ್ಥನೆ, ಬಟ್ಟಲು, ಊಟ. ಊಟದ ಕೊನೆಗೆ ಸುಲು ಎಲೆಯ ಮೇಲಿಟ್ಟು ಕೊಡುವ ಮಾತ್ರೆ. ವಾರಗಳು ಉರುಳಿದವು. ಜಾಡಿ ಖಾಲಿಯಾದಂತೆ ಸುಲು ಮತ್ತೆ ತುಂಬಿಸಿದಳು. ಅಸೊವಾಲು ಕುರಿಯ ಕೊಬ್ಬನ್ನು ಪಕ್ಕಕ್ಕೆ ಸರಿಸತೊಡಗಿದರು; ಅಷ್ಟು ಘನವಾದ ಬಟ್ಟಲಿನ ಮೇಲೆ ಕೊಬ್ಬು ತಿನ್ನುವುದು ಹೊಂದದು ಎಂದರು. ಸಭೆಗೆ ಕೋಲೂರಿಕೊಂಡು ತಾವೇ ಹೋಗಿಬಂದರು. ಕಾಲಿನ ಮೇಲೆ ಪಂಚೆಯ ಅಂಚನ್ನು ಸದಾ ಎಳೆದುಕೊಂಡಿರುತ್ತಿದ್ದರು. ಹುಣ್ಣನ್ನು ಕಡಲ ನೀರಿನಲ್ಲಿ ತಾವೇ ತೊಳೆದು ತಾವೇ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. "ಹೇಗಿದೆ ಮಾವ?" ಎಂದರೆ, "ಬಟ್ಟಲು ಕೆಲಸ ಮಾಡ್ತಿದೆ" ಎನ್ನುತ್ತಿದ್ದರು. ಪಟ್ಟದ ಯಜಮಾನನಿಗೆ ಕಾಲು ತೋರಿಸಿ ಎನ್ನುವ ಧೈರ್ಯ ಯಾರಿಗಿದೆ?

ಮನೆಯಲ್ಲಿ ನಾತ ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿತು.

"ಈ ಸಲದ ಹಣ್ಣು ಜಾಸ್ತಿ ಕಳಿತಿತ್ತು," ಎಂದಳು ಸುಲು.

"ನಿನ್ನ ತಲೆ ಕಳಿತಿದೆ," ಎಂದಳು ಅತ್ತೆ.

ಒಂದು ಭಾನುವಾರದ ಊಟಕ್ಕೆ ಪಾದ್ರಿ ದಂಪತಿಗಳು ಬರುವವರಿದ್ದರು. ಹಿಂದಿನ ದಿನ, ಸುಲು ಕಡಲಿಗೆ ಹೋಗಿದ್ದಾಗ, ಫೆತುವಾವೋ ಜಾಡಿಯನ್ನು ಹೊತ್ತು ಹಿತ್ತಲ ಆಚೆಗೆ ಹೋಗಿ, ರಸವನ್ನೆಲ್ಲ ಗುಂಡಿಗೆ ಸುರಿದು ಮಣ್ಣು ಮುಚ್ಚಿ, ಜಾಡಿಯನ್ನು ಬೂದಿಯಲ್ಲಿ ಉಜ್ಜಿ ತೊಳೆದು ಕವುಚಿ ಇಟ್ಟಳು. ಸುಲು ಬಂದು ಖಾಲಿ ಗೋಡೆಯನ್ನು ಕಂಡಳು. ಅತಿಥಿಗಳು ಬರುವಾಗಷ್ಟೇ ಮಾಡುವ ದೊಡ್ಡ ಕೆಲಸ ಕಾದಿತ್ತು: ಚಾಪೆಗಳನ್ನೆಲ್ಲ ಎತ್ತಿ ಕೊಡವಿ, ಕೆಳಗೆ ಹರಡಿದ ಬಿಳಿಯ ಹವಳದ ಹರಳುಗಳನ್ನು ಕೈಯಾಡಿಸಿ ಸಮಮಾಡುವುದು. ಗಾಳಿ ಕಡಲಿನಿಂದ ಶುಭ್ರವಾಗಿ ಬೀಸುತ್ತಿತ್ತು.

ಫೆತುವಾವೋ ಮನೆಯ ನಡುವೆ ನಿಂತು ಮೂಗು ಅರಳಿಸಿದಳು. ಇನ್ನೊಮ್ಮೆ ಅರಳಿಸಿದಳು.

"ಜಾಡಿ ಹೋಯ್ತು," ಎಂದಳು. "ನಾತ ಯಾಕೆ ಹೋಗಿಲ್ಲ?"

ಅಸೊವಾಲು ತಮ್ಮ ಕಂಬಕ್ಕೆ ಒರಗಿ, ಪಂಚೆಯ ಅಂಚನ್ನು ಇನ್ನಷ್ಟು ಎಳೆದುಕೊಂಡು ಕಡಲನ್ನು ನೋಡುತ್ತಿದ್ದರು. ಸುಲುವಿನ ಬೆರಳುಗಳು ಅದೇ ಹೊತ್ತಿಗೆ, ಅವರು ಕೂರುವ ಚಾಪೆಯ ಕೆಳಗಿನ ಹರಳುಗಳ ನಡುವೆ, ಹರಳಲ್ಲದ ಏನನ್ನೋ ತಾಗಿದ್ದವು. ಬಿಳಿಯದು, ದುಂಡನೆಯದು, ಒತ್ತಿದರೆ ಪುಡಿಯಾಗುವಂಥದು. ಕೆದಕಿದಳು, ಇನ್ನೊಂದು. ಮತ್ತಷ್ಟು ಕೆದಕಿದಳು, ಕೆಲವು ಇಡಿಯಾಗಿದ್ದವು, ಕೆಲವು ಕರಗಿ ಸುಣ್ಣದಂತೆ ಹರಳಿಗೆ ಅಂಟಿದ್ದವು. ಕೈಗೆ ಸಿಕ್ಕಿದ್ದನ್ನು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತುಂಡಿನಲ್ಲಿ ಗಂಟುಕಟ್ಟಿಕೊಂಡು, ಮಂಡಿಯ ಮೇಲೆಯೇ ಮಾವನ ಬಳಿಗೆ ಸರಿದಳು.

"ಮಾವ, ಕ್ಷಮಿಸಬೇಕು," ಎಂದು ಪಂಚೆಯ ಅಂಚನ್ನು ಎತ್ತಿ, ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು.

ಬಿಚ್ಚಿದವಳು ಮುಖ ತಿರುಗಿಸಲಿಲ್ಲ. ತಿರುಗಿಸಿದವಳು ಫೆತುವಾವೋ. ಕಿರುಬೆರಳು ಇದ್ದಲಿನಂತೆ ಕಪ್ಪಾಗಿತ್ತು. ಕಪ್ಪು ಪಕ್ಕದ ಬೆರಳನ್ನೂ ಹಿಡಿದಿತ್ತು. ಇಷ್ಟು ದಿನ ಮನೆಯವರೆಲ್ಲ ಬೈದದ್ದು ಜಾಡಿಯನ್ನು. ನಾತ ಬಂದದ್ದು ಎರಡು ಕಡೆಯಿಂದ.

ಪೆನಿತೋವಾ ತಂದೆಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಓಡಿದ. ಪಾದ್ರಿಯ ಗಾಡಿಯಲ್ಲೇ ಆಸ್ಪತ್ರೆ ಸೇರಿದ್ದಾಯಿತು. ಅಂದೇ ಆ ಎರಡು ಬೆರಳುಗಳನ್ನು ತೆಗೆದರು. ಭಾನುವಾರದ ಅಡುಗೆ ಬೇಯಿಸುವ ಕಲ್ಲಿನ ಒಲೆ ಆ ಮನೆಯಲ್ಲಿ ಹೊತ್ತಲಿಲ್ಲ.

ಆಸ್ಪತ್ರೆಯ ಅಂಗಳದ ಮರದಡಿ ಫೆತುವಾವೋ ಸೊಸೆಯನ್ನು ನಿಲ್ಲಿಸಿಕೊಂಡಳು. ಅವಳ ದನಿ ಏರಲಿಲ್ಲ. ಅದೇ ಭಯ ಹುಟ್ಟಿಸಿತು.

"ನಾನು ಹೇಳಿದ್ದು ನೆನಪಿದೆಯಾ?"

"ಇದೆ ಅತ್ತೆ."

"ಮನೆಗೆ ಹೋಗು. ಚಾಪೆ ಸುತ್ಕೋ. ನಾಳೆ ಬೆಳಗಿನ ಬಸ್ಸು."

"ಅಮ್ಮಾ..." ಎಂದ ಪೆನಿತೋವಾ.

"ನೀನು ಸುಮ್ನಿರು! ಆ ಹೆಸರು ಕೂಗಿದ ಬಾಯಿ ನಿಂದು. ನಿನ್ನ ಲೆಕ್ಕ ಬೇರೆ ಇದೆ."

ಸುಲು ಬಟ್ಟೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅದನ್ನು ಬಿಚ್ಚಿದ್ದರೆ ಆ ಕ್ಷಣವೇ ತಪ್ಪು ಅವಳ ತಲೆಯಿಂದ ಇಳಿಯುತ್ತಿತ್ತು. ಆದರೆ ಅದು ಮಾವನ ಗುಟ್ಟು. ಹೆಂಡತಿಯ ಮುಂದೆ, ಮಗನ ಮುಂದೆ, ಆಸ್ಪತ್ರೆಯ ದಾರಿಹೋಕರ ಮುಂದೆ ಪಟ್ಟದ ಯಜಮಾನನನ್ನು ಸುಳ್ಳುಗಾರನೆಂದು ತೋರಿಸಲು ಅವಳ ಕೈ ಏಳಲಿಲ್ಲ. "ಒಂದ್ಸಲ ಮಾವನ್ನ ನೋಡ್ಕೊಂಡು ಹೋಗ್ತೀನಿ" ಎಂದಷ್ಟೇ ಕೇಳಿದಳು.

ಅತ್ತೆಯೂ ಹಿಂದೆಯೇ ಬಂದಳು. ಹಾಸಿಗೆಯ ಬಳಿ ನರ್ಸಮ್ಮ ವೈಮೋವಾ ಇದ್ದಳು. ಮುಖ ಗಂಭೀರವಾಗಿತ್ತು.

"ಸಕ್ಕರೆ ಇಳಿದೇ ಇಲ್ಲ, ಯಜಮಾನ್ರೇ. ಕೊಟ್ಟ ಮಾತ್ರೆ ಬಿಡದೆ ತಗೊಂಡ್ರೂ ಹೀಗಿದೆ ಅಂದ್ರೆ, ಆ ಮಾತ್ರೆ ನಿಮಗೆ ನಾಟ್ತಿಲ್ಲ ಅಂತ ಅರ್ಥ. ಡಾಕ್ಟ್ರು ಬೇರೆ ಬಿರುಸಾದ್ದು ಕೊಡೋದಕ್ಕೆ ಯೋಚಿಸ್ತಿದ್ದಾರೆ. ನಿಜ ಹೇಳಿ, ಬಿಡದೆ ತಗೊಂಡ್ರಿ ತಾನೆ? ಕಪ್ಪು ಇನ್ನೂ ಮೇಲೇರಿದ್ರೆ ಮುಂದಿನ ಸಲ ಕಾಲೇ ಹೋಗುತ್ತೆ."

ಅಸೊವಾಲು ಸೂರು ನೋಡಿದರು. ಯಜಮಾನನಿಗೆ ಕೇಳಿದ ಪ್ರಶ್ನೆಗೆ ಬೇರೆಯವರು ಉತ್ತರಿಸುವಂತಿಲ್ಲ. ಸುಲು ಬಾಗಿ, ಮಂಡಿಯೂರಿ, ಹಾಸಿಗೆಯ ಅಂಚಿನಲ್ಲಿದ್ದ ಅವರ ಅಂಗೈಯಲ್ಲಿ ಬಟ್ಟೆಯ ಗಂಟನ್ನು ಇಟ್ಟು, ಅವರ ಬೆರಳುಗಳನ್ನು ಅದರ ಮೇಲೆ ಮಡಚಿದಳು. ನರ್ಸಮ್ಮನ ಕಡೆ ನೋಡಲಿಲ್ಲ.

ಮುದುಕರು ಗಂಟನ್ನು ಒತ್ತಿ ನೋಡಿದರು. ಒಳಗಿರುವುದೇನೆಂದು ಬೆರಳಿಗೆ ತಿಳಿಯಿತು. ತಾವೇ ಬಿಚ್ಚಿದರು. ಹೊದಿಕೆಯ ಮೇಲೆ ಬಿಳಿಯ ಮಾತ್ರೆಗಳೂ ಹವಳದ ಪುಡಿಯೂ ಹರಡಿದವು.

"ತಗೊಳ್ಳಲಿಲ್ಲ," ಎಂದರು. "ಕಲ್ಲಿನ ಸಂದಿಗೆ ಹಾಕಿದೆ."

"ಅಯ್ಯೋ, ಯಾಕೆ?" ಎಂದಳು ನರ್ಸಮ್ಮ.

"ಸೊಸೆ ನನಗೆ ಬಟ್ಟಲು ಕೊಟ್ಳು. ಮಗ ಹೆಸರು ಕೂಗಿದ. ಕುಡಿದೆ. ಒಂದು ಸರದೀಲಿ ಒಬ್ಬನಿಗೆ ಒಂದೇ ಬಟ್ಟಲು. ಅದನ್ನ ಕುಡಿದ್ಮೇಲೆ ಇನ್ನೊಂದಕ್ಕೆ ಬಾಯಿ ತೆರೆದ್ರೆ, ಮೊದಲ್ನೇದು ಸಾಲಲಿಲ್ಲ ಅಂತ ಕೊಟ್ಟವರಿಗೆ ಹೇಳಿದ ಹಾಗೆ. ಅವಳ ಮುಂದೆ ಹೇಗೆ ಹೇಳಲಿ?" ಮಾತ್ರೆಯೊಂದನ್ನು ಎತ್ತಿ ಕೆಳಗಿಟ್ಟರು. "ತಪ್ಪು ಅವಳದ್ದಲ್ಲ. ಹಣ್ಣಿಂದೂ ಅಲ್ಲ."

ಸುಲು ತಲೆ ಎತ್ತದೆ, "ಬಟ್ಟಲು ಅಂತ ಮಾಡಿದ್ದು ನಾನೇ ಮಾವ" ಎಂದಳು.

ನರ್ಸಮ್ಮ ಡಾಕ್ಟರನ್ನು ಕರೆಯಲು ಹೋದಳು. ಫೆತುವಾವೋ ಹಾಸಿಗೆಯ ಬಳಿ ಕುಸಿದು ಕುಳಿತು, ಹೊದಿಕೆಯ ಮೇಲಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಕೂಡಿಸತೊಡಗಿದಳು, ಮನೆಯಲ್ಲಿ ಹರಳು ಸರಿಮಾಡುವವಳಂತೆ.

"ಮುದಿ ಮೂಢ," ಎಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಇಷ್ಟು ವರ್ಷ ಸಭೇಲಿ ಕೂತ್ರಿ. ಮೊದಲ ಬಟ್ಟಲಿಗಿರೋ ಗೌರವ ಇನ್ಯಾವ ಬಟ್ಟಲಿಗಿದೆ? ಹೇಳಿ."

"ಕೊನೆಯದಕ್ಕೆ," ಎಂದರು ಅಸೊವಾಲು.

"ಅದು ಗೊತ್ತಿದ್ದೂ, ಕೊನೆಗೆ ಬರೋ ಮಾತ್ರೆನೇ ಆ ಬಟ್ಟಲು ಅಂದ್ಕೊಳ್ಳದೆ ಬೆರಳು ಕಳಕೊಂಡ್ರಾ?"

ಸುಲುವಿನ ಕಡೆ ಅವಳು ತಿರುಗಲಿಲ್ಲ. ಆದರೆ ಮರುದಿನ ಬೆಳಗಿನ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಬಸ್ಸು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಯಿತು.

ಅಸೊವಾಲು ಮನೆಗೆ ಮರಳುವಷ್ಟರಲ್ಲಿ ಕೆಲವು ವಾರಗಳಾದವು. ನರ್ಸಮ್ಮ ಕಡ್ಡಾಯವಾಗಿ ಹೇಳಿ ಕಳಿಸಿದ್ದಳು: ಮಾತ್ರೆ ಒಂದು ದಿನವೂ ತಪ್ಪಕೂಡದು, ನೋನಿ ಯಜಮಾನರಿಗೆ ಸದ್ಯಕ್ಕೆ ಬೇಡ, ಮೂತ್ರಪಿಂಡದ ಪರೀಕ್ಷೆ ಆದ ಮೇಲೆ ನೋಡೋಣ, ಬೇಕಾದವರು ಬೇಕಾದರೆ ಊಟದ ಜೊತೆ ಒಂದು ಗುಟುಕು ಕುಡಿಯಲಿ, ಅದನ್ನು ಔಷಧಿ ಎಂದುಕೊಳ್ಳುವುದು ಬೇಡ.

ಮೊದಲ ಸಂಜೆ ಪ್ರಾರ್ಥನೆಯಾದ ಮೇಲೆ ಫೆತುವಾವೋ ತಾನೇ ಒಳಗಿನಿಂದ ಮರದ ಮರಿಗೆಯನ್ನು ಹೊತ್ತು ತಂದಳು. ಅದರಲ್ಲಿದ್ದುದು ನೋನಿ ರಸ. ಕವುಚಿಟ್ಟ ಜಾಡಿ ಯಾವಾಗಲೋ ಮತ್ತೆ ಗೋಡೆ ಹತ್ತಿತ್ತು. ಹಣ್ಣು ಕಿತ್ತು ತಂದವಳು ತಾನೆಂದು ಅವಳು ಹೇಳಲಿಲ್ಲ, ಸುಲು ಕೇಳಲಿಲ್ಲ.

"ಅಜ್ಜನಿಗೆ ಕೊಡಬಾರದು ಅಂದ್ರಲ್ಲಜ್ಜಿ," ಎಂದಳು ಪುವಾ.

"ಅಜ್ಜನಿಗಲ್ಲ. ಕೊನೆ ಬಟ್ಟಲು ಕೊನೇದಾಗ್ಬೇಕು ಅಂದ್ರೆ ಮೊದಲು ಬೇರೆಯವರು ಕುಡೀಬೇಕು. ಒಬ್ಬನೇ ಕೂತ್ರೆ ಅದು ಸಭೆ ಅಲ್ಲ. ಕೂಗೋ ಪೆನಿತೋವಾ."

ಮೊದಲ ಬಟ್ಟಲು ಅವಳದೇ. ಆ ನಾತಕ್ಕೆ ಊರೆಲ್ಲ ಕೇಳುವಂತೆ ಶಾಪ ಹಾಕಿದವಳು ಹನಿ ಚೆಲ್ಲಿ, ಕಣ್ಣು ಮುಚ್ಚಿ, ಗಟಗಟ ಕುಡಿದಳು. ಪೆನಿತೋವಾ ಕುಡಿದ. ಪುವಾ ನಾಲಗೆ ತಾಗಿಸಿ ಮೂಗು ಹಿಡಿದುಕೊಂಡು ಹೊರಳಾಡಿದಳು. ಆಮೇಲೆ ಪೆನಿತೋವಾ ತಡೆದು ನಿಂತ. ಯಜಮಾನನ ಹೆಂಡತಿಯ ಮಾತು ಬೇರೆ; ನೊಣ ಅಟ್ಟುವ ಸೊಸೆಗೆ ಆ ಚಾಪೆಯ ಮೇಲೆ ಬಟ್ಟಲು ಕೂಗಿದ್ದು ಎಂದೂ ಇಲ್ಲ.

"ಯಾಕೆ ನಿಂತೆ?" ಎಂದರು ಅಸೊವಾಲು.

"ಸುಲು, ನಿನ್ನ ಬಟ್ಟಲು!" ಎಂದು ಅವನು ಕೂಗಿದ.

ಅಷ್ಟು ವಾರ ಅದನ್ನು ಸೋಸಿ ಕೊಟ್ಟವಳು ಈ ಮನೆಯಲ್ಲಿ ಒಮ್ಮೆಯೂ ಕುಡಿದಿರಲಿಲ್ಲ. ಒಂದು ಗುಟುಕಿಗೇ ಅವಳ ಮುಖ ಮುದುಡಿತು.

"ಮುಖ ಕಿವುಚಬೇಡ," ಎಂದರು ಮಾವ. "ಬಟ್ಟಲಿಗೆ ಅವಮಾನ."

ಊಟದ ಕೊನೆಗೆ ತಿಳಿನೀರಿನ ಬಟ್ಟಲು, ಎಲೆಯ ಮೇಲೆ ಮಾತ್ರೆ. ಪೆನಿತೋವಾ ದೀರ್ಘಸ್ವರದಲ್ಲಿ ಹೆಸರು ಕೂಗಿದ. ಅಸೊವಾಲು ಬೆನ್ನು ನೆಟ್ಟಗೆ ಮಾಡಿ, ಕಟ್ಟು ಹಾಕಿದ ಕಾಲನ್ನು ಮುಚ್ಚದೆ ಎಲ್ಲರೆದುರು ಚಾಚಿಕೊಂಡು, ಎರಡು ಕೈಯಲ್ಲೂ ಬಟ್ಟಲು ಹಿಡಿದರು.

ಶನಿವಾರ ಬಂತು. ಅತ್ತೆ ಸೊಸೆ ಚಾಪೆಗಳನ್ನು ಎತ್ತಿದರು. ಯಜಮಾನರ ಕಂಬದ ಬಳಿ ಇಬ್ಬರೂ ಎದುರುಬದುರು ಮಂಡಿಯೂರಿ, ಒಬ್ಬರ ಮುಖ ಒಬ್ಬರು ನೋಡದೆ ಹರಳುಗಳಲ್ಲಿ ಬೆರಳಾಡಿಸಿದರು. ಫೆತುವಾವೋ ಬಿಳಿಯ ದುಂಡನೆಯದೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೆರಳುಗಳ ನಡುವೆ ಒತ್ತಿದಳು. ಅನುಮಾನ ತೀರದೆ ನಾಲಗೆಗೆ ತಾಗಿಸಿದಳು.

"ಉಪ್ಪು," ಎಂದಳು. "ಕಲ್ಲೇ."

ಇನ್ನೊಂದನ್ನು ಎತ್ತಿದಳು. ಅದೂ ಕಲ್ಲೇ. ಕೈ ಕೊಡವಿಕೊಂಡಳು.

"ಚಾಪೆ ಹಾಸು ಮಗಳೇ," ಎಂದಳು.